ಉಗ್ರಾಣದ ಟೀಚರ್

ಇನ್ನು ಐದೇ ನಿಮಿಷ. ಆಮೇಲೆ ಪೋಸ್ಟರ್ ರಾಜನ ಬಂಡವಾಳವೆಲ್ಲ ಬಯಲಾಗಲಿತ್ತು. ಟೀಚರ್ ಉಗ್ರಾಣದಲ್ಲಿ ಕೂತು ಮೈಕಿನ ಗುಂಡಿಯ ಮೇಲೆ ಬೆರಳಿಟ್ಟಿದ್ದಳು.

ಪರದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸವೆಂದರೆ ಊರಿನವರಿಗೆ ಭಾರಿ ಹೆಮ್ಮೆ. ಆ ಕೆಲಸ ಮುರಿದ ಗ್ಲೋಬು, ಮೂರು ಕಾಲಿನ ಕುರ್ಚಿಗಳ ನಡುವೆ ನಡೆಯುತ್ತದೆಂದು ಅವರಿಗೇನು ಗೊತ್ತು? ಶಾಲೆಯ ಮಾಲೀಕ ಮೊದಲ ದಿನವೇ ಹೇಳಿದ್ದ: "ನಿಮ್ಮ ಇಂಗ್ಲಿಷ್ ಬಂಗಾರ. ಆದ್ರೆ ಇಲ್ಲಿನ ಅಪ್ಪ-ಅಮ್ಮಂದಿರು ಮುಖ ನೋಡಿ ಮಕ್ಕಳನ್ನ ಸೇರಿಸ್ತಾರೆ."

ಆ ಮುಖ ಬಸ್ ನಿಲ್ದಾಣದಲ್ಲಿ ಸಿಕ್ಕಿತ್ತು. ಬೆನ್ನಿಗೊಂದು ಚೀಲ ಏರಿಸಿಕೊಂಡು ಏಷ್ಯಾ ಸುತ್ತುತ್ತಿದ್ದ ಬಿಳಿಯ. ನೀಲಿ ಕಣ್ಣು, ಕಿವಿ ಮುಚ್ಚುವ ಹೊಂಬಣ್ಣದ ಕೂದಲು. ಅವನ ದೇಶದಲ್ಲಿ ಇಂಗ್ಲಿಷ್ ಆಡುವುದಿಲ್ಲವಂತೆ. ಅವನಿಗೆ ಬರುತ್ತದೆಯೇ ಎಂದು ಕೇಳುವ ಗೋಜಿಗೂ ಯಾರೂ ಹೋಗಲಿಲ್ಲ. ಅಂಗಡಿ ಮುಂದಿನ ಬೊಂಬೆಗೆ ವ್ಯಾಕರಣ ಯಾಕೆ? ಮಾರನೆಯ ದಿನವೇ ಅವನ ಚಿತ್ರ ಶಾಲೆಯ ಗೇಟಿನ ಮೇಲೆ ಏರಿತು. ಟೀಚರ್ ಅವನಿಗೆ ಪೋಸ್ಟರ್ ರಾಜ ಎಂದು ಹೆಸರಿಟ್ಟಳು.

ಮಾಲೀಕ ಅವನಿಗೊಂದು ಪುಟ್ಟ ಡಬ್ಬಿ ಕೊಟ್ಟ. ಒಳಗೆ ಕಡಲೆಕಾಳಿನಷ್ಟು ಕಿವಿಯಂತ್ರ. ಟೀಚರ್ ಉಗ್ರಾಣದಿಂದ ಹೇಳಬೇಕು, ಅವನು ಗಿಳಿಯಂತೆ ಒಪ್ಪಿಸಬೇಕು. ಮೈಕು ಚಾಲೂ ಇದ್ದಷ್ಟು ಹೊತ್ತು ತರಗತಿಯ ಹಿಂಗೋಡೆಯಲ್ಲಿ ಹಸಿರು ಬಲ್ಬು ಉರಿಯುತ್ತಿತ್ತು.

"ಇವನಿಗೆ ನಿಮ್ಮ ಸಹಾಯ ಬೇಡ ಅನ್ನಿಸಿದ ದಿನ ನಿಮ್ಮ ಊರಿನ ಟಿಕೆಟ್ ರೆಡಿ," ಎಂದು ಮಾಲೀಕ ಅವನೆದುರೇ ನಕ್ಕಿದ್ದ. ಅವನು ಮಾತ್ರ ನಗಲಿಲ್ಲ. ಪಾಪ, ಅರ್ಥವಾಗಿರಲಿಕ್ಕಿಲ್ಲ.

ವರ್ಷವಿಡೀ ಇದೇ ನಾಟಕ. ಬೋರ್ಡಿನ ಮೇಲೆ ನಕಲು ಮಾಡಲು ಅವನಿಗೆ ಬೆಳಗ್ಗೆಯೇ ಪಾಠದ ಹಾಳೆ ಕೊಡುವುದು, ಆಮೇಲೆ ಗೋಡೆಯ ಅಂಗೈಯಗಲದ ಗಾಜಿನ ಮುಂದೆ ಕೂತು ಒದರುವುದು. ಗಾಜಿನಾಚೆ ಎಲ್ಲ ಕಾಣುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಅವಳು ನೀರು ಕುಡಿಯಲು ನಿಲ್ಲಿಸಿದರೂ ಅವನ ತುಟಿ ಆಡುತ್ತಿತ್ತು. ಒಮ್ಮೆ ಮೈಕಿನ ಮುಂದೆಯೇ ಹತ್ತು ನಿಮಿಷ ತೂಕಡಿಸಿದ್ದಳು. ಎಚ್ಚರವಾದಾಗ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಕೋತಿಚೇಷ್ಟೆ ಮಾಡಿರಬೇಕು ಎಂದುಕೊಂಡಳು. ಸಿಟ್ಟು ಬಂದಾಗ ಮೈಕಿನಲ್ಲೇ, "ಲೋ ಬೆದರುಬೊಂಬೆ, ನಿನ್ನ ಮುಖಕ್ಕಿಷ್ಟು ಬೆಂಕಿ ಹಾಕ!" ಎಂದು ಅಪ್ಪಟ ಕನ್ನಡದಲ್ಲಿ ಉಗಿಯುತ್ತಿದ್ದಳು. ಗಿಳಿ ಅದನ್ನೂ ಒಪ್ಪಿಸಿತೆಂಬ ದೂರು ಮಾತ್ರ ಒಮ್ಮೆಯೂ ಬರಲಿಲ್ಲ. ಮಕ್ಕಳು ಚೆನ್ನಾಗಿ ಕಲಿತರು. ಹೊಗಳಿಕೆಯೆಲ್ಲ ಪೋಸ್ಟರಿಗೆ ಹೋಯಿತು.

ಅವಳ ಸಹನೆಯ ಕಟ್ಟೆ ಒಡೆದದ್ದು ಅಮ್ಮನ ಫೋನಿನಿಂದ.

"ನೀನು ಕಳಿಸೋ ಫೋಟೋದಲ್ಲಿ ಬರೀ ಬೆಂಚೇ ಕಾಣ್ತವಲ್ಲೇ, ಮಕ್ಕಳೆಲ್ಲಿ?"

"ಇವತ್ತು ಭಾನುವಾರ ಕಣಮ್ಮ."

"ನಿಂಗೆ ವರ್ಷಪೂರ್ತಿ ಭಾನುವಾರಾನಾ? ನಿಜವಾಗ್ಲೂ ಪಾಠ ಮಾಡ್ತಾಳಾ ಅಂತ ನಿಮ್ಮ ಚಿಕ್ಕಮ್ಮ ಕೇಳ್ತಿದ್ಲು."

ಚಿಕ್ಕಮ್ಮನ ಮಾತು ಮುಳ್ಳಿನಂತೆ ನಾಟಿತು. ಆ ತರಗತಿ ತನ್ನದು. ಬೋರ್ಡಿನ ಮುಂದೆ ತಾನು ನಿಲ್ಲಲೇಬೇಕು.

ಇಂದು ಅಪ್ಪ-ಅಮ್ಮಂದಿರೆಲ್ಲ ಪಾಠ ನೋಡಲು ಬಂದಿದ್ದರು. ಮಾಲೀಕ ಮೊದಲ ಸಾಲಿನಲ್ಲಿ ಬೀಗುತ್ತಿದ್ದ. ಟೀಚರ್ ಗುಂಡಿ ಒತ್ತಿದಳು. ಹಸಿರು ಬಲ್ಬು ಆರಿತು.

ರಾಜ ತಲೆಯೆತ್ತಿ ಬಲ್ಬು ನೋಡಿದ. ಗಾಜಿನಾಚೆ ಅವಳನ್ನು ನೋಡಿದ. ಅರ್ಧ ಮಾತಿಗೇ ಬಾಯಿ ಮುಚ್ಚಿದ. ಒಂದು ನಿಮಿಷ ಕಳೆಯಿತು, ಎರಡಾಯಿತು. ಮಾಲೀಕನ ಮುಖ ಕೆಂಪಾಯಿತು.

ಟೀಚರ್ ಬಾಗಿಲು ತೆರೆದು ಬಂದಳು, ಅವನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಪಾಠ ಮುಂದುವರಿಸಿದಳು. ಕೊನೆಗೆ ಚಪ್ಪಾಳೆಯೋ ಚಪ್ಪಾಳೆ. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಮಾಲೀಕ ಪಂಡಿತ. ಥಟ್ಟನೆ ಎದ್ದು, "ಇವರೇ ನಮ್ಮ ನಿಜವಾದ ಟೀಚರ್! ಅವನು ಇವರ ಅಸಿಸ್ಟೆಂಟು ಅಷ್ಟೇ," ಎಂದ. ಮಧ್ಯಾಹ್ನದೊಳಗೆ ಅಸಿಸ್ಟೆಂಟಿನ ಕೆಲಸವೂ ಹೋಯಿತು.

ಹೊರಟವನ ಕೈಗೆ ಟೀಚರ್ ಫೋನು ತುರುಕಿದಳು. "ಮಕ್ಕಳ ಜೊತೆ ನಂದೊಂದು ಫೋಟೋ ತೆಗಿ. ಅದಾದ್ರೂ ಬರುತ್ತಾ?"

ಅವನು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅವಳನ್ನು ನಡುವೆ ನಿಲ್ಲಿಸಿ, ಅಚ್ಚುಕಟ್ಟಾಗಿ ತೆಗೆದ. ನಗುತ್ತಾ ಚೀಲ ಹೆಗಲಿಗೇರಿಸಿ ನಡೆದುಬಿಟ್ಟ.

ಅಮ್ಮ ಕೂಡಲೇ ಫೋನು ಮಾಡಿದಳು. "ಈಗ ನೋಡು, ಟೀಚರ್ ಥರ ಕಾಣ್ತಿದೀಯ! ತೆಗೆದೋರು ಯಾರೇ?"

"ಯಾರೋ ಒಬ್ಬ, ಕೆಲಸಕ್ಕೆ ಬಾರದೋನು."

ಸಂಜೆ ಅವಳು ನಿನ್ನೆಯವರೆಗೆ ಅವನದಾಗಿದ್ದ ತನ್ನ ಹೊಸ ಮೇಜಿನ ಡ್ರಾಯರ್ ಖಾಲಿ ಮಾಡಿದಳು. ವರ್ಷದ ಪಾಠದ ಹಾಳೆಗಳೆಲ್ಲ ಒಪ್ಪವಾಗಿ ಜೋಡಿಸಿಟ್ಟಿದ್ದವು. ಅವುಗಳ ಕೆಳಗೆ ಮಾಲೀಕ ಕೊಟ್ಟಿದ್ದ ಪುಟ್ಟ ಡಬ್ಬಿ ಇತ್ತು.

ಅಂಗಡಿಯವರು ಅಂಟಿಸಿದ್ದ ಟೇಪನ್ನು ಯಾರೂ ಬಿಚ್ಚಿಯೇ ಇರಲಿಲ್ಲ. ಕಿವಿಯಂತ್ರ ಒಳಗೇ ಇತ್ತು.