ನಾಲ್ಕು ಸಾಲಿನ ಧಣಿ

"ಈ ಕತಿಯೊಳಗ ನಾ ಎಲ್ಲಿದೀನ್ರಿ, ಮಾಸ್ತರ?" ಎಂದು ಮನ್ಮಥಪ್ಪ ಸಾಹುಕಾರರು ಕೇಳಿದರು. ಅಂಜಪ್ಪ ಮಾಸ್ತರ ಹಾಳೆ ತಿರುವಿ, ಕೊನೆಯ ಪುಟದ ಕೆಳಗೆ ಬೆರಳಿಟ್ಟು ತೋರಿಸಿದ. ದಯಾಳುವಾದ ಧಣಿ ಆಳುಮಗಳ ತಲೆಯ ಮೇಲೆ ಕೈಯಿಟ್ಟು ಹರಸಿ, ಅವಳಿಗೊಂದು ಸೀರೆ ಕೊಟ್ಟರು ಎಂದು ಅಲ್ಲಿ ಬರೆದಿತ್ತು. ಎಲ್ಲ ಸೇರಿ ನಾಲ್ಕು ಸಾಲು.

ಉಳಿದದ್ದೆಲ್ಲ ಮೋನಮ್ಮನ ಕತೆ. ಹೋದ ಮಳೆಗಾಲದಲ್ಲಿ ಸಾಹುಕಾರರ ಹೆಂಡತಿ ಸುಗಲಾಬಾಯಿ ಕೂತಿದ್ದ ಗಾಡಿ ಕಾಗಿಣಾ ಹೊಳೆಯಲ್ಲಿ ಮಗುಚಿಕೊಂಡಾಗ, ಹೊಳೆಗೆ ಹಾರಿದ್ದು ಆ ಮನೆಯಲ್ಲಿ ಕಸಮುಸುರೆ ಮಾಡುವ ಮೋನಮ್ಮ. ಮುಂದಿನ ಗಾಡಿಯಲ್ಲಿ ಆಗಲೇ ದಂಡೆ ಸೇರಿದ್ದ ಸಾಹುಕಾರರು, ಯಾರಾದರೂ ಹಾರಿರಪ್ಪ ಎಂದು ಕೂಗುತ್ತ ನಿಂತಿದ್ದರು. ತಾಂಡೂರಿನಲ್ಲಿ ಇದು ಎಲ್ಲರಿಗೂ ಗೊತ್ತು. ಆದರೂ ಬರೆದಿಟ್ಟರೆ ಚೆಂದ ಎಂದು ಸಾಹುಕಾರರೇ ಬರೆಸಿದ್ದರು.

ಹಳೆಯ ಕತೆಗಳಲ್ಲೆಲ್ಲ ಒಳ್ಳೆಯ ಧಣಿ ಹೀಗೇ ಬರುತ್ತಾನೆ, ಎರಡು ಒಳ್ಳೆಯ ಮಾತಾಡಿ ಹೋಗುತ್ತಾನೆ, ಕತೆ ಮಾತ್ರ ಬೇರೆಯವರದಾಗಿರುತ್ತದೆ ಎಂದು ಅಂಜಪ್ಪ ವಿವರಿಸಲು ನೋಡಿದ. ಸಾಹುಕಾರರು ಸಿಟ್ಟಾಗಲಿಲ್ಲ. ಸಿಟ್ಟು ಮಾಡುವ ಅಗತ್ಯ ಅವರಿಗೆ ಜನ್ಮದಲ್ಲಿ ಬಿದ್ದಿರಲಿಲ್ಲ. ಎಂದಿನ ಮೆತ್ತನೆಯ ದನಿಯಲ್ಲೇ ಹೇಳಿದರು: "ಬರೂ ಶುಕ್ರವಾರ ತಹಶೀಲ್ದಾರ ಸಾಹೇಬ್ರು ನಮ್ಮಲ್ಲಿ ಊಟಕ್ಕ ಬರ್ತಾರ. ನಿಮ್ಮ ಕನ್ನಡ ಸಾಲಿ ಇಜಾಜತ್ ಕಾಗದಕ್ಕ ಅವರೇ ಸಹಿ ಹಾಕಬೇಕು. ಹೊಳಿಗಿ ನಾ ಹಾರಿದೆ ಅಂತ ಬರದ್ರ, ಕತಿಗೇನು ಕೆಡಕಾಗ್ತದರಿ?"

ಅಂಜಪ್ಪನ ಶಾಲೆ ನಡೆಯುತ್ತಿದ್ದುದು ಸಾಹುಕಾರರ ಕಟ್ಟೆಯ ಮೇಲೆ. ಮೂವತ್ತೆರಡು ಮಕ್ಕಳು. ಸರ್ಕಾರದ ಅನುಮತಿ ಸಿಗದಿದ್ದರೆ ದೀಪಾವಳಿಯೊಳಗೆ ಬಾಗಿಲು ಹಾಕಬೇಕಿತ್ತು. ಅವನು ಮನೆಗೆ ಹೋಗಿ ತಿದ್ದತೊಡಗಿದ. ಇಷ್ಟು ಸುಲಭವಾದೀತೆಂದು ಅವನೂ ಎಣಿಸಿರಲಿಲ್ಲ. ಮೋನಮ್ಮ ಎಂದಿದ್ದ ಕಡೆ ಧಣಿ ಎಂದು ಬರೆದ, ಅಷ್ಟೇ. ಮೋನಮ್ಮನನ್ನು ದಂಡೆಯ ಮೇಲೆ ತಂದು, ಕೈಗೊಂದು ಛತ್ರಿ ಕೊಟ್ಟು, ಅಳುತ್ತ ನಿಲ್ಲಿಸಿದ.

ಮರುದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಮೋನಮ್ಮ ಅವನನ್ನು ತಡೆದು, ಕತೆಯಲ್ಲಿ ಈಗ ತಾನೆಲ್ಲಿದ್ದೇನೆ ಎಂದು ಕೇಳಿದಳು. ಸುದ್ದಿ ಹೇಗೋ ಅವಳಿಗೆ ಮುಟ್ಟಿತ್ತು. ಅಂಜಪ್ಪ ನೆಲ ನೋಡುತ್ತ ಹೇಳಿದ. ಅವಳು ಬೂದಿಯ ಕೈಯನ್ನು ಹಾಗೇ ಹಿಡಿದು ನಕ್ಕಳು. "ಸಣ್ಣಾಕಿದ್ದಾಗ ಮಳ್ಯಾಗ ಕಂಬಳಿ ಕೊಪ್ಪಿ ಹಾಕ್ಕೊಂಡು ಕುರಿ ಹಿಂದ ತಿರುಗ್ದಾಕಿ ನಾ. ನನಗ ಛತ್ರಿ ಯಾರ್ ಕೊಟ್ರಿ?"

ಶುಕ್ರವಾರ ಊಟವಾದ ಮೇಲೆ ಪಡಸಾಲೆಯಲ್ಲಿ ಕತೆಯ ಓದು ಶುರುವಾಯಿತು. ಸಾಹೇಬರಿಗೆ ಕನ್ನಡ ಬಾರದು. ಅಂಜಪ್ಪ ಒಂದಿಷ್ಟು ಕನ್ನಡದಲ್ಲಿ ಓದುವುದು, ಆಮೇಲೆ ಅದನ್ನೇ ಉರ್ದುವಿನಲ್ಲಿ ಹೇಳುವುದು. ಸಾಹೇಬರು ಎಲೆ ಅಡಿಕೆ ಜಗಿಯುತ್ತ ತಲೆದೂಗಿದರು. ಸಹಿಯಾಗಬೇಕಾದ ಕಾಗದ ತಟ್ಟೆಯ ಪಕ್ಕದಲ್ಲೇ ಇತ್ತು. ಧಣಿ ಹೊಳೆಯಲ್ಲಿ ಈಜಿ, ಮಡದಿಯ ಕೈ ಹಿಡಿದು, ಹೂವಿನಂತೆ ದಂಡೆಗೆ ತಂದರು ಎಂಬಲ್ಲಿಗೆ ಓದು ಬಂದಾಗ, ಒಳಬಾಗಿಲ ಮರೆಯಲ್ಲಿ ಕೂತಿದ್ದ ಸುಗಲಾಬಾಯಿ ಎದ್ದು ಹೊರಗೆ ಬಂದರು.

ಪರಗಂಡಸರ ಎದುರು ಆ ಮನೆಯ ಹೆಂಗಸರು ಹಾಗೆ ಬಂದದ್ದೇ ಇಲ್ಲ. ಬಂದವರೇ ತಲೆಯ ಮೇಲಿನ ಸೆರಗು ಜಾರಿಸಿದರು. ಎಡಗಿವಿಯ ಮೇಲೆ ಅಂಗೈಯಗಲ ಕೂದಲಿರಲಿಲ್ಲ. ಚರ್ಮ ಸುಕ್ಕುಗಟ್ಟಿ ಕೆಂಪಗಾಗಿತ್ತು.

"ನನ್ನ ಕೈ ಯಾರೂ ಹಿಡೀಲಿಲ್ಲರಿ. ಮೋನಮ್ಮ ಕೂದಲ ಹಿಡದು ದಂಡಿಗಿ ಎಳದಳು. ಅದಕ್ಕ ಜೀವ ಉಳೀತು."

ಸಾಹೇಬರು ಮರ್ಯಾದೆಗೆ ಕಣ್ಣು ತಗ್ಗಿಸಿ, ಬಾಯಿಯವರು ಏನು ಹೇಳುತ್ತಿದ್ದಾರೆ ಎಂದು ಮಾಸ್ತರನನ್ನು ಉರ್ದುವಿನಲ್ಲಿ ಕೇಳಿದರು. ಸಾಹುಕಾರರೂ ಮಾಸ್ತರನ ಕಡೆ ನೋಡಿದರು, ಎಂದಿನಂತೆ ಮೆತ್ತಗೆ. ಅಂಜಪ್ಪ ತಟ್ಟೆಯ ಪಕ್ಕದ ಕಾಗದ ನೋಡಿದ. ಕೆಲಸದವಳು ಬಾಯಿಯವರ ಕೂದಲು ಕಿತ್ತಿದ್ದಾಳಂತೆ ಎಂದ. ಇದೇನು ಸುಳ್ಳಲ್ಲವಲ್ಲ ಎಂದು ಅವನು ಆ ಹೊತ್ತಿಗೇ ಸಮಾಧಾನ ಮಾಡಿಕೊಂಡೂ ಆಗಿತ್ತು.

ಕೈತೊಳೆಯುವ ನೀರಿನ ಚೆಂಬು ಹಿಡಿದು ಅಂಗಳದಲ್ಲಿ ನಿಂತಿದ್ದ ಮೋನಮ್ಮನನ್ನು ಸಾಹೇಬರು ಮೇಲಿಂದ ಕೆಳಗೆ ನೋಡಿದರು. ಇಂಥ ಕೆಲಸ ಮಾಡಿದವಳನ್ನೂ ಮನೆಯಿಂದ ಹೊರಗೆ ಹಾಕದೆ ಅನ್ನ ಹಾಕುತ್ತಿದ್ದೀರಲ್ಲ, ನಿಮ್ಮಷ್ಟು ದಯಾಳುವನ್ನು ನನ್ನ ನೌಕರಿಯಲ್ಲೇ ಕಂಡಿಲ್ಲ ಎಂದು ಸಾಹುಕಾರರ ಭುಜ ತಟ್ಟಿದರು. ಸಾಹುಕಾರರು ಕೈಮುಗಿದು ಆ ಮಾತನ್ನೂ ಸ್ವೀಕರಿಸಿದರು. ಉರ್ದು ತಿಳಿಯದ ಸುಗಲಾಬಾಯಿ, ತಾನು ಹೇಳಿದ್ದು ಮುಟ್ಟಿತೆಂದುಕೊಂಡು ಸೆರಗು ಹೊದ್ದು ನೆಮ್ಮದಿಯಿಂದ ಒಳಗೆ ಹೋದರು. ಕಾಗದಕ್ಕೆ ಸಹಿ ಬಿತ್ತು.

ಸಾಹೇಬರ ಟಾಂಗಾ ಹೊರಟ ಮೇಲೆ ಮೋನಮ್ಮ ಎಂಜಲೆಲೆ ತೆಗೆಯುತ್ತಿದ್ದಳು. ಅಂಜಪ್ಪ ಹತ್ತಿರ ಹೋಗಿ, "ಸಾಹೇಬ್ರು ನಿನ್ನ ಭಾಳ ಹೊಗಳಿದ್ರು, ಮೋನಮ್ಮ" ಎಂದ.

ಅವಳು ತಲೆಯೆತ್ತಲಿಲ್ಲ. "ಹತ್ತು ವರ್ಷ ಬಜಾರದಾಗ ಸಾಬರ ಮನಿಗೋಳಿಗಿ ಹಾಲ ಹಾಕೀನ್ರಿ, ಮಾಸ್ತರ. ಅವರ ಮಾತು ನನಗ ತಿಳೀತದ. ತಿಳೀಲಾರದ್ದು ನಿಮ್ಮ ಕನ್ನಡ."