ಟಿಡ್‌ಮೋರನ ಮಗಳು ಸುತ್ತಿದ ದಾರ

"ಬೇಗ ಸುತ್ತಮ್ಮ, ಇನ್ನರ್ಧ ಗಂಟೆಗೆ ದೋಣಿ ಬಿಡ್ತಾರೆ," ಎನ್ನುತ್ತ ರಾಯ್ಸ್ ಹ್ಯಾಟ್ಲಿ ಗಾಳದ ದಾರ ಸುತ್ತುವ ಖಾಲಿ ರೀಲನ್ನು ಕೌಂಟರಿನ ಮೇಲಿಟ್ಟ. ಅಲಬಾಮಾದ ಆ ಕೆರೆಯಲ್ಲಿ ಬ್ಯಾಸ್ ಮೀನು ಹಿಡಿಯುವ ಪಂದ್ಯದ ಕೊನೆಯ ದಿನ ಅದು. ಅವನೇ ಎಲ್ಲರಿಗಿಂತ ಮುಂದಿದ್ದ. ಗಾಳದಂಗಡಿಯ ವರ್ಲೀನಳ ಗುರುತು ಅವನಿಗೆ ಹತ್ತಲಿಲ್ಲ. ಅವಳಿಗೆ ಹತ್ತಿತ್ತು. ತೂಕ ಹೆಚ್ಚಿಸಲು ಮೀನಿನ ಹೊಟ್ಟೆಗೆ ಸೀಸ ತುರುಕಿದ್ದಾನೆಂದು ಅವಳ ಅಪ್ಪನ ಮೇಲೆ ಸುಳ್ಳು ಹೇಳಿ, ಪಂದ್ಯದಿಂದ ಹೊರಹಾಕಿಸಿದವನು ಇವನೇ. ಅಪ್ಪ ಮತ್ತೆ ಗಾಳ ಮುಟ್ಟದೆಯೇ ತೀರಿಕೊಂಡಿದ್ದ.

"ನೀರಲ್ಲಿ ಕಳೆ ದಟ್ಟವಾಗಿದೆ. ಕಡಿಯದಂಥ ಹೆಣೆದ ದಾರ ಹಾಕ್ಲಾ?" ವರ್ಲೀನ್ ಕೇಳಿದಳು.

"ಹಾಕು, ಹಾಕು. ಇವತ್ತು ದೊಡ್ಡದೇ ಬೀಳುತ್ತೆ."

ಆ ದಾರವನ್ನು ರೀಲಿನ ನುಣುಪಾದ ಉರುಳೆಗೆ ನೇರವಾಗಿ ಕಟ್ಟಿದರೆ, ದೊಡ್ಡ ಮೀನು ಎಳೆದಾಗ ಇಡೀ ಸುತ್ತೇ ಜಾರುತ್ತದೆ. ಜಾರದಿರಲು ದಾರದ ಕೆಳಗೆ ಒಂದು ತುಂಡು ಟೇಪು ಅಂಟಿಸಬೇಕು. ರಾಯ್ಸ್ ಬೆನ್ನು ತಿರುಗಿಸಿ ಗಾಳಕ್ಕೆ ಸಿಕ್ಕಿಸುವ ರಬ್ಬರ್ ಕಪ್ಪೆಗಳನ್ನು ಆರಿಸುತ್ತಿದ್ದ. ವರ್ಲೀನ್ ಟೇಪು ಹಿಡಿದು ಒಮ್ಮೆ ಅವನ ಬೆನ್ನಿನತ್ತ ನೋಡಿದಳು. ಆಮೇಲೆ ಅದನ್ನು ಅಂಟಿಸಿ, ಗಂಟು ಬಿಗಿದು, ದಾರವನ್ನು ಚೊಕ್ಕಟವಾಗಿ ಸುತ್ತಿದಳು.

"ಒಳ್ಳೆ ಕೈ ಕಣಮ್ಮ ನಿಂದು. ಯಾರು ಕಲಿಸಿದ್ದು?"

"ನಮ್ಮಪ್ಪ. ಕ್ಲೋವಿಸ್ ಟಿಡ್‌ಮೋರ್."

ಆ ಹೆಸರು ಕೇಳಿದ್ದೇ ರಾಯ್ಸ್ ರೀಲನ್ನು ಕಸಿದುಕೊಂಡ. "ಏನು ಮಾಡಿದೀಯ ಇದಕ್ಕೆ?"

"ನಾನೇನೂ ಮಾಡಿಲ್ಲ. ನಮ್ಮಪ್ಪನೂ ಹಿಂಗೇ ಅಂದಿದ್ದ. ಯಾರೂ ನಂಬ್ಲಿಲ್ಲ, ಅಲ್ವಾ?"

ಹೊರಗೆ ದೋಣಿಗಳು ಒಂದೊಂದಾಗಿ ಹೊರಟವು. ರಾಯ್ಸ್ ದೋಣಿ ಹತ್ತದೆ ಕಟ್ಟೆಯ ಮೇಲೆ ಕುಳಿತು, ದಾರವನ್ನು ಮಾರುಗಟ್ಟಲೆ ಬಿಚ್ಚಿ ಬಿಚ್ಚಿ ನೋಡುತ್ತಲೇ ಇದ್ದ.