ಎದುರುಮನೆಯ ಮೀಟರು

“ಅಕ್ಕಾ, ನಿಮ್ಮನೆ ಕರೆಂಟ್ ಕಟ್ ಮಾಡೋಕೆ ಬಂದಿದೀನಿ. ಫ್ರಿಜ್ಜು ಗಿಜ್ಜು ಇದ್ರೆ ಆಫ್ ಮಾಡ್ಕೊಳ್ಳಿ.”

ಬಾಗಿಲಲ್ಲಿ ನಿಂತ ಲೈನ್‌ಮನ್ ಹೀಗೆಂದಾಗ ಬಾಣಂತಿ ತಿರುಗಿ ಫ್ರಿಜ್ಜಿನ ಕಡೆ ನೋಡಿದಳು. ಈ ಮನೆಗೆ ಬಂದು ನಾಲ್ಕೇ ದಿನ. ಪಾತ್ರೆಗಳಿನ್ನೂ ರಟ್ಟಿನ ಡಬ್ಬಗಳಲ್ಲೇ ಇದ್ದವು, ಫ್ರಿಜ್ಜೊಂದು ಮಾತ್ರ ಬಂದ ಗಳಿಗೆಯಿಂದ ಓಡುತ್ತಿತ್ತು. ಅದರ ಫ್ರೀಜರಿನಲ್ಲಿ ಮೂವತ್ತೆಂಟು ಪುಟ್ಟ ಬಾಟಲಿಗಳು, ಒಂದೊಂದರ ಮೇಲೂ ತಾರೀಕು. ಏಳು ತಿಂಗಳಿಗೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಮಗಳಿಗಾಗಿ ಅವಳು ಹಿಂಡಿ ಕೂಡಿಟ್ಟ ಎದೆಹಾಲು. ಆಸ್ಪತ್ರೆ ಹತ್ತಿರವಾಗಲಿ ಎಂದೇ ಮನೆ ಬದಲಾಯಿಸಿದ್ದು. ವಾರದಿಂದ ಅವಳಿಗೆ ಹಾಲು ಕಡಿಮೆಯಾಗಿತ್ತು. ಇದ್ದದ್ದು ಕೆಟ್ಟರೆ ಮಗುವಿಗೆ ಮತ್ತೆಲ್ಲಿಂದ ತರುವುದು?

“ಯಾಕಣ್ಣಾ ಕಟ್ ಮಾಡೋದು? ನಮ್ಮ ಹೆಸರಿಗೆ ಮಾಡಿಸ್ಕೊಂಡಿದೀವಲ್ಲ!” ಎಂದು ಓಡಿ ಹೋಗಿ ಕಾಗದ ತಂದಳು. ನೀರು, ಗ್ಯಾಸು, ಕರೆಂಟು, ಎಲ್ಲದರ ಕಾಗದವನ್ನೂ ಗಂಡ ಒಂದೇ ಫೈಲಿನಲ್ಲಿ ಜೋಡಿಸಿಟ್ಟಿದ್ದ.

ಲೈನ್‌ಮನ್ ಓದಿ ತಲೆ ಕೆರೆದುಕೊಂಡ. “ಕಾಗದ ಸರಿಯಾಗೇ ಇದೆ ಅಕ್ಕಾ. ಆದ್ರೆ ಈ ನಂಬರು ಎದುರುಮನೆ ಮೀಟರಿಂದು. ಕೆಳಗೆ ಬೋರ್ಡಲ್ಲಿ ಎಡಗಡೆ ಇರೋದು ಬಲಗಡೆ ಮನೇದು, ಬಲಗಡೇದು ಎಡಗಡೆ ಮನೇದು. ಯಾವ ಪುಣ್ಯಾತ್ಮ ಕೂರಿಸಿದ್ನೋ, ಉಲ್ಟಾ ಕೂರಿಸಿದಾನೆ. ನಿಮ್ಮದು ಇನ್ನೂ ಹಳೇ ಬಾಡಿಗೆಯವರ ಹೆಸರಲ್ಲೇ ಇದೆ. ಅವರು ಬಂದ್ ಮಾಡಿ ಅಂತ ಬರ್ಕೊಟ್ಟಿದಾರೆ.”

ಆ ನಂಬರು ಬರೆದುಕೊಂಡವನು ಗಂಡನೇ. ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ಅವನದು, ಒಂದು ಅಲ್ಪವಿರಾಮ ತಪ್ಪಿದರೂ ಊಟ ಸೇರದ ಜಾತಿ. ಟಾರ್ಚ್ ಹಿಡಿದು ಮೂರು ಸಲ ಮೀಟರಿಗೆ ಹೋಲಿಸಿ ನೋಡಿದ್ದ. ಪಾಪ, ಒಂದು ಅಂಕಿಯೂ ತಪ್ಪಿರಲಿಲ್ಲ. ಮೀಟರೇ ತಪ್ಪಿತ್ತು.

ಎದುರುಮನೆಯಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಕೊರಳಿಗೆ ಟೇಪು ಇಳಿಬಿಟ್ಟುಕೊಂಡು ಟೈಲರಮ್ಮ ಹೊರಗೆ ಬಂದರು. “ಏನ್ರೀ ಅದು, ನನ್ನ ಮೀಟರಿನ ಮಾತು?”

ಬಾಣಂತಿಗೆ ಇದ್ದ ಜೀವವೂ ಹೋಯಿತು. ಸಾಮಾನು ಇಳಿಸಿದ ದಿನ ಡಬ್ಬಗಳು ಬಾಗಿಲಿಗೆ ಅಡ್ಡವಾದವೆಂದು ಈಯಮ್ಮ ಮೂರು ಮಹಡಿಗೆ ಕೇಳುವಂತೆ ಬೈದಿದ್ದರು. ಈಗ ಅವರ ಕರೆಂಟನ್ನೇ ತಮ್ಮ ಹೆಸರಿಗೆ ಬರೆಸಿಕೊಂಡದ್ದಾಗಿದೆ! ತೊದಲುತ್ತಲೇ ಎಲ್ಲವನ್ನೂ ಹೇಳಿದಳು, ಬಾಟಲಿಗಳ ವಿಷಯವನ್ನೂ.

“ನಾನು ಇವತ್ತು ಸೀಲ್ ಹಾಕ್ಲೇಬೇಕು, ನನ್ನ ಕೈಲಿ ಏನೂ ಇಲ್ಲ,” ಎಂದ ಲೈನ್‌ಮನ್. “ಆಫೀಸಿಗೆ ಹೋಗಿ ನಂಬರ್ ತಿದ್ದಿಸಿದ್ರೆ ನಾಳೆ ಸಂಜೆಗೆ ನಾನೇ ಬಂದು ಕೊಡ್ತೀನಿ.”

“ಅಷ್ಟೊತ್ತಿಗೆ ಎಲ್ಲಾ ಕರಗಿ ಹೋಗಿರುತ್ತಣ್ಣಾ. ನನ್ನ ಮಗು...”

ಟೈಲರಮ್ಮ ಕಾಗದ ಕಿತ್ತುಕೊಂಡು ಕನ್ನಡಕ ಏರಿಸಿ ಓದಿದರು. “ಅಂದ್ರೆ ಲೆಕ್ಕಕ್ಕೆ ನನ್ನ ಮನೆ ಕರೆಂಟು ಈಗ ಇವಳದು, ಅಲ್ವೇನಪ್ಪಾ?”

“ಹೌದಮ್ಮಾ.”

“ಮತ್ತಿನ್ನೇನು? ಇವಳ ಹಾಲು ಇವಳ ಕರೆಂಟಲ್ಲಿ ಇರ್ಲಿ. ಏಯ್, ಕಣ್ಣು ಕಣ್ಣು ಬಿಡ್ಬೇಡ್ವೇ ತಾಯೀ, ಓಡು, ತಗೊಂಡ್ಬಾ!”

ಅವರ ಫ್ರೀಜರ್ ತೆರೆದರೆ ತುಂಬ ಒಂದು ದೊಡ್ಡ ಐಸ್‌ಕ್ರೀಮ್ ಡಬ್ಬ. ನಾಳೆ ಬರುವ ಮೊಮ್ಮಕ್ಕಳಿಗೆಂದು ತಂದದ್ದು. ಅದನ್ನು ಎಳೆದು ಈಚೆ ಇಟ್ಟರು. ಬಾಣಂತಿ ಬೇಡ ಬೇಡ ಎಂದದ್ದಕ್ಕೆ, “ಇದು ಯಾವ ಅಂಗಡೀಲಾದ್ರೂ ಸಿಗುತ್ತೆ. ನಿನ್ನದು ಯಾವ ಅಂಗಡೀಲಿ ಸಿಗುತ್ತೆ?” ಎಂದು ಗದರಿದರು. ಲೈನ್‌ಮನ್ ತನ್ನ ಚೀಲ ಕೆಳಗಿಟ್ಟು ಕೈ ತೊಳೆದು ಬಂದ. ಹತ್ತು ನಿಮಿಷ ತಡವಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲವೆಂದು ತಾನೂ ಬಾಟಲಿ ಸಾಗಿಸಿದ. ಮೂವತ್ತೆಂಟನೆಯದು ಒಳಗೆ ಸೇರಿದ ಮೇಲೆಯೇ ಹೋಗಿ ಫ್ಯೂಸು ಕಿತ್ತ.

ಅವನು ಮೇಲೆ ಬರುವಷ್ಟರಲ್ಲಿ ಟೈಲರಮ್ಮ ಮೂರು ಚಮಚ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಮೂವರೂ ಕರಗುತ್ತಿದ್ದ ಐಸ್‌ಕ್ರೀಮನ್ನು ಒಂದೇ ಡಬ್ಬದಿಂದ ತಿಂದರು. ಬಾಣಂತಿ ಅಳುತ್ತಲೇ ತಿಂದಳು. “ನಿಮ್ಮ ಹೊಟ್ಟೆ ತಣ್ಣಗಿರ್ಲಿ ಅಮ್ಮಾ,” ಎಂದಳು.

“ಕಾಲು ಡಬ್ಬ ಒಳಗೆ ಹೋಗಿದೆ, ತಣ್ಣಗಿರದೆ ಇನ್ನೇನಾಗುತ್ತೆ!” ಎಂದರು ಟೈಲರಮ್ಮ.

ಮರುದಿನ ಸಂಜೆ ಹೇಳಿದ ಮಾತಿನಂತೆ ಕರೆಂಟು ಬಂತು. ಗಂಡ ಹೊಸ ಕಾಗದವನ್ನು ನಾಲ್ಕು ಸಲ ಓದಿ, ತಲೆ ತಗ್ಗಿಸಿಕೊಂಡೇ ಎದುರುಮನೆಯಿಂದ ಬಾಟಲಿಗಳನ್ನು ಒಂದೊಂದಾಗಿ ತಂದು ಜೋಡಿಸಿದ. ಒಂದೂ ಕರಗಿರಲಿಲ್ಲ. ಬಾಣಂತಿ ಟೈಲರಮ್ಮನ ಕೈ ಹಿಡಿದುಕೊಂಡಳು.

“ಅದೆಲ್ಲಾ ಇರ್ಲಿ. ಕೂಸು ಎಷ್ಟುದ್ದ ಇದೆ, ಹೇಳು.”

ತಿಂಗಳಿಂದ ಎಲ್ಲರೂ ಅವಳನ್ನು ಕೇಳುತ್ತಿದ್ದದ್ದು ಡಾಕ್ಟರು ಏನಂತಾರೆ ಎಂದಷ್ಟೇ. ಅವಳು ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ತೋರಿಸಿದಳು. “ಇಷ್ಟೇ ಇಷ್ಟು ಅಮ್ಮಾ.”

ಟೈಲರಮ್ಮ ಕೊರಳಿನ ಟೇಪು ತೆಗೆದು, ಆ ಎರಡು ಕೈಗಳ ನಡುವಿನ ಖಾಲಿ ಜಾಗವನ್ನು ಅಳೆದು, ಅಳತೆ ಪುಸ್ತಕದಲ್ಲಿ ಬರೆದುಕೊಂಡರು.

“ಎರಡಿಂಚು ಜಾಸ್ತಿ ಬಿಟ್ಟೇ ಅಂಗಿ ಹೊಲೀತೀನಿ. ಬೆಳೆಯೋ ಹುಡುಗಿ.”

ಬಾಣಂತಿಯ ಕೈಗಳು ತಾವಾಗಿಯೇ ಎರಡಿಂಚು ಅಗಲವಾದವು.